ಬಹುಮತ ಇಲ್ಲದ ಹೊಸ ಸರ್ಕಾರ ಬಂದಾಗ ಮತದಾರರು ಏನೇನು ನೋಡಬೇಕು

ಸರ್ಕಾರ ಬಂತು, ಆದರೆ ಸದನದಲ್ಲಿ ಅದಕ್ಕೆ ಬಹುಮತ ಇಲ್ಲ. ಇನ್ನು ಎಲ್ಲರ ಮಾತೂ ಕೇಳಲೇಬೇಕಲ್ಲ ಅಂತ ಒಬ್ಬರಿಗೆ ಆಸೆ. ಮತ್ತೆ ಚುನಾವಣೆ ಬಂದರೆ ಗತಿಯೇನು ಅಂತ ಇನ್ನೊಬ್ಬರಿಗೆ ಭಯ. ಎರಡಕ್ಕೂ ಕಾರಣ ಇದೆ.

ಮೊದಲು, ಹೊರಗಿನಿಂದ ಬೆಂಬಲ ಕೊಡುತ್ತಿರುವವರು ಯಾರು, ಯಾವ ಷರತ್ತಿನ ಮೇಲೆ ಅಂತ ನೋಡಿ. ಲಿಖಿತ ಒಪ್ಪಂದ ಇದ್ದರೆ ಪೂರ್ತಿ ಓದಿ. ಬೆಂಬಲ ವಿಶ್ವಾಸಮತಕ್ಕೂ ಬಜೆಟ್‌ಗೂ ಮಾತ್ರವೋ, ಎಲ್ಲ ಮಸೂದೆಗಳಿಗೂ ಇದೆಯೋ? ಇದನ್ನು ಹುಡುಕಲೇಬೇಕು, ಯಾಕೆಂದರೆ ಬಜೆಟ್ ಬಿದ್ದರೆ ಸಾಮಾನ್ಯವಾಗಿ ಸರ್ಕಾರವೇ ಬೀಳುತ್ತದೆ, ಬೇರೆ ಮಸೂದೆ ಬಿದ್ದರೆ ಹಾಗಾಗಬೇಕು ಅಂತೇನಿಲ್ಲ.

ಆಮೇಲೆ ನಿಮಗೆ ಮುಖ್ಯವಾದ ಒಂದೆರಡು ಭರವಸೆ ಆರಿಸಿಕೊಳ್ಳಿ. ಅದಕ್ಕೆ ಯಾರ್ಯಾರು ಓಟು ಹಾಕಬಹುದು ಅಂತ ಎಣಿಸಿ. ವಿರೋಧ ಪಕ್ಷದ ಪ್ರಣಾಳಿಕೆಯಲ್ಲೂ ಅದೇ ಮಾತಿದ್ದರೆ ಆಸೆ ಇಟ್ಟುಕೊಳ್ಳಬಹುದು.

ತುಂಬಾ ಭಯವಾದರೆ ಹಿಂದೆ ಆಗಿದ್ದನ್ನು ನೋಡಿ. ಕೆನಡಾದಲ್ಲಿ 1963ರಿಂದ 1968ರ ತನಕ ಪ್ರಧಾನಿ ಲೆಸ್ಟರ್ ಪಿಯರ್ಸನ್ ಅವರಿಗೆ ಬಹುಮತ ಇರಲೇ ಇಲ್ಲ, ಆದರೂ 1966ರಲ್ಲಿ ಆರೋಗ್ಯ ವಿಮೆಯ ಕಾನೂನು ಬಂತು. ನಮ್ಮಲ್ಲಿ 1991ರಲ್ಲಿ ಪಿ.ವಿ. ನರಸಿಂಹ ರಾವ್ ಶುರು ಮಾಡಿದ್ದೂ ಅಲ್ಪಮತದ ಸರ್ಕಾರವೇ ಅಲ್ವಾ, ಆರ್ಥಿಕ ಸುಧಾರಣೆ ತಂದು ಅವಧಿ ಮುಗಿಸಿತು, ಆದರೆ 1993ರ ಅವಿಶ್ವಾಸ ನಿರ್ಣಯದಲ್ಲಿ ಸಂಸದರಿಗೆ ಲಂಚ ಕೊಟ್ಟ ಆರೋಪವೂ ಬಂತು. ನನಗೆ ಸರ್ಕಾರ ಬೀಳುವುದಕ್ಕಿಂತ ಈ ಕೊಡು-ಕೊಳ್ಳುವಿಕೆಯ ಚಿಂತೆಯೇ ಜಾಸ್ತಿ. ಹಾಗಾಗಿ ಯಾರು ದಿಢೀರನೆ ನಿಲುವು ಬದಲಿಸಿದರು ಅಂತ ಬರೆದಿಟ್ಟುಕೊಳ್ಳಿ.

ನಿಮ್ಮ ಪ್ರತಿನಿಧಿ ವಿರೋಧ ಪಕ್ಷದವರಾದರೂ ಪತ್ರ ಬರೆಯಿರಿ. ಮಸೂದೆ ಓಟಿಗೆ ಬರುವ ಮೊದಲೇ ಬರೆಯಿರಿ.