ಹಿತ್ತಿಲ ಕೋಳಿ ಮಂಕಾದರೆ ಕಾರಣ ಹುಡುಕುವ ಬಗೆ

ಕಾಸರಗೋಡಿನ ಮಳೆಗಾಲದಲ್ಲಿ ಗರಿ ಉಬ್ಬಿಸಿಕೊಂಡು ಮೂಲೆ ಸೇರಿದ ಕೋಳಿಗೆ ಮದ್ದು ಹುಡುಕುವ ಮೊದಲು, ಅದನ್ನು ಉಳಿದವುಗಳಿಂದ ಬೇರ್ಪಡಿಸಿ, ಒಣ ಜಾಗದಲ್ಲಿ ಹಳೆಯ ಪತ್ರಿಕೆ ಹಾಸಿ ಇರಿಸಬೇಕು. ಹಾಗಿಟ್ಟರೆ ಹಿಕ್ಕೆ ಸ್ಪಷ್ಟವಾಗಿ ಕಾಣುತ್ತದೆ.

ಕಂದು ಹಿಕ್ಕೆಯ ಮೇಲೆ ಬಿಳಿ ಲೇಪವಿರುವುದು ಸಹಜ. ನಡುನಡುವೆ ಅಂಟಾದ ಹಿಕ್ಕೆ ಬೀಳುವುದೂ ಸಹಜವೇ, ಅನೇಕರು ಇದನ್ನೇ ಭೇದಿಯೆಂದು ಭ್ರಮಿಸುತ್ತಾರೆ. ರಕ್ತ ಬೆರೆತಿದ್ದರೆ, ಅದರಲ್ಲೂ ಎಳೆಯ ಕೋಳಿಗಳಲ್ಲಿ, ಒದ್ದೆ ನೆಲದಲ್ಲಿ ಹೆಚ್ಚುವ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗವನ್ನು ಶಂಕಿಸಬೇಕು. ಹಸಿರು ಭೇದಿಯೊಂದಿಗೆ ಏದುಸಿರು, ತಿರುಚಿದ ಕುತ್ತಿಗೆ ಕಂಡರೆ ರಾಣಿಖೇತ್ ಎಂಬ ವೈರಾಣು ರೋಗವಿರಬಹುದು. ಹಸಿರು ಬಣ್ಣವೊಂದೇ ಆದರೆ ಕೋಳಿ ಮೇವು ಬಿಟ್ಟಿರುವುದೂ ಕಾರಣವಾಗಿರಬಹುದು.

ಮುಂಜಾನೆ ಕಾಳು ಹಾಕುವ ಮೊದಲು ಕುತ್ತಿಗೆಯ ಬುಡದ ಆಹಾರಚೀಲವನ್ನು ಮುಟ್ಟಿ ನೋಡಬೇಕು. ಅದು ಬರಿದಾಗಿರಬೇಕು, ಗಟ್ಟಿಯಾಗಿದ್ದರೆ ಹುಲ್ಲು, ನಾರು ಸಿಲುಕಿರುವ ಸಾಧ್ಯತೆಯಿದೆ, ಮೆತ್ತಗಾಗಿ ಬಾಯಿ ಹುಳಿ ನಾತ ಬೀರುತ್ತಿದ್ದರೆ ಒಳಗಿನ ಆಹಾರ ಹುದುಗು ಬಂದು ಹುಳಿಯಾಗಿದೆ.

ಜುಟ್ಟು ಬಿಳಿಚಿದ್ದರೆ ಜಂತುಹುಳವನ್ನೂ ರಕ್ತ ಹೀರುವ ಕೆಂಪು ಹೇನನ್ನೂ ಶಂಕಿಸಬೇಕು. ಈ ಹೇನು ಹಗಲು ಗೂಡಿನ ಬಿರುಕುಗಳಲ್ಲಿ ಅಡಗುವುದರಿಂದ ರಾತ್ರಿ ಟಾರ್ಚ್ ಹಿಡಿದೇ ಹುಡುಕಬೇಕು.

ಹಲವು ಕೋಳಿಗಳು ಒಮ್ಮೆಲೇ ಸತ್ತರೆ ಮಾತ್ರ ಈ ಪರೀಕ್ಷೆಗಳಿಗೆ ಕೈಹಾಕದೆ, ಸತ್ತವನ್ನು ಬರಿಗೈಯಲ್ಲಿ ಮುಟ್ಟದೆ, ಹಕ್ಕಿಜ್ವರದ ಸಾಧ್ಯತೆಯಿಂದಾಗಿ ಸಮೀಪದ ಪಶು ಆಸ್ಪತ್ರೆಗೆ ಅಂದೇ ತಿಳಿಸಬೇಕು.