ಸ್ಥಲದ ಹೆಸರು ಮುಚ್ಚಿಟ್ಟು ಓದಿದ್ದು

ಕನ್ನಡ ಎಂ.ಎ. ಮುಗಿಸಿ ತುಮಕೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದಾಗ ಪಿಎಚ್.ಡಿ.ಗೆ ಅಂತ ಶೂನ್ಯಸಂಪಾದನೆ ಹಿಡಿದೆ: ಶರಣರ ವಚನಗಳನ್ನು ಅಲ್ಲಮನ ಸುತ್ತಲಿನ ಸಂವಾದವಾಗಿ ಜೋಡಿಸಿದ ಗ್ರಂಥ, ಒಬ್ಬರಾದ ಮೇಲೊಬ್ಬರು ತಿದ್ದಿ ಕಟ್ಟಿದ್ದು. ಬೇಗ ಮುಗಿಯುವ ವಿಷಯಗಳು ಬೇಕಾದಷ್ಟಿದ್ದವು. ಆದರೆ ಇದರ ನಾಲ್ಕನೇ ಪರಿಷ್ಕರಣೆ ನಮ್ಮ ಗೂಳೂರ ಸಿದ್ಧವೀರಣ್ಣೊಡೆಯರದು. ಗೂಳೂರು ಅಂದರೆ ಇಲ್ಲಿ ಎಲ್ಲರಿಗೂ ಗಣಪ ನೆನಪಾಗುತ್ತಾನೆ, ಒಡೆಯರು ಯಾರಿಗೂ ನೆನಪಾಗಲ್ಲ. ನನಗೆ ಅಷ್ಟೇ ಸಾಕಾಯಿತು.

ತೊಂದರೆ ಶುರುವಾದದ್ದು ಆಮೇಲೆ. ವಿಭಾಗದಲ್ಲಿ, 'ಸಿದ್ಧಾಂತ ಆಮೇಲೆ ನೋಡೋಣ, ಕಾವ್ಯ ಎಲ್ಲಿದೆ ತೋರಿಸಿ' ಅನ್ನುತ್ತಿದ್ದರು. ಮಠದಲ್ಲಿ ವಚನ ಪಾಠ ಹೇಳುವ ಹಿರಿಯರೊಬ್ಬರ ಹತ್ತಿರ ಹೋದರೆ, 'ಮೇಷ್ಟ್ರೇ, ಕತೆ ಬಿಡಿ, ಇದು ಯಾವ ಸ್ಥಲ ಹೇಳಿ' ಅನ್ನೋರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ: ಭಕ್ತನ ದಾರಿಯ ಈ ಆರು ಮೆಟ್ಟಿಲುಗಳಲ್ಲಿ, ಅಂದರೆ ಸ್ಥಲಗಳಲ್ಲಿ, ಒಂದನ್ನು ಹೇಳದೆ ಪಾಠ ಮುಂದೆ ಹೋಗುತ್ತಿರಲಿಲ್ಲ.

ಕೊನೆಗೆ ನಾನು ಕಾರ್ಡು ಮಾಡಿಕೊಂಡೆ. ಒಂದು ಕಡೆ ವಚನ ಮಾತ್ರ. ಹಿಂದೆ ಸ್ಥಲ, ಸಂದರ್ಭ, ಯಾವ ಪರಿಷ್ಕರಣೆ ಅನ್ನೋದು. ಮೊದಲು ಬರೀ ವಚನ ಓದಿ ತೋಚಿದ್ದನ್ನು ಬರೆಯೋದು, ಆಮೇಲೆ ತಿರುಗಿಸಿ ನೋಡೋದು. ವಚನ 12ನೇ ಶತಮಾನದ್ದು. ಅದನ್ನು ಸಂವಾದದೊಳಗೆ ಕೂರಿಸಿದ್ದು 15, 16ನೇ ಶತಮಾನದ ಸಂಪಾದಕರು. ಇಬ್ಬರ ದನಿಯೂ ಬೇರೆ ಬೇರೆಯಾಗಿ ಕೇಳಿಸಬೇಕಲ್ವಾ?

ಸಿದ್ಧರಾಮನ ಪ್ರಸಂಗದಲ್ಲಿ ಇದು ಚೆನ್ನಾಗಿ ಕೇಳಿಸಿತು. ಸೊನ್ನಲಿಗೆಯಲ್ಲಿ (ಈಗಿನ ಸೊಲ್ಲಾಪುರ) ಅವನು ಹಿಡಿದ ಕೆರೆ ಕೆಲಸ ನಡೆದಿದೆ. ಅಲ್ಲಮ ಬಂದು 'ಎಲ್ಲಿ ನಿಮ್ಮ ಒಡ್ಡರಾಮ' ಅನ್ನೋ ಧಾಟಿಯಲ್ಲಿ, ಅವನು ಬರೀ ಮಣ್ಣುಕೆಲಸದವನು ಅನ್ನೋ ಹಾಗೆ ಕೇಳುತ್ತಾನೆ. ಕೆಲಸದವರು ಸಿಟ್ಟಿಗೆದ್ದು ಕಲ್ಲೆಸೆಯುತ್ತಾರೆ. ಒಳ್ಳೆ ನಾಟಕ. ಆದರೆ ಅದರೊಳಗಿನ ಪ್ರಶ್ನೆ ಸಣ್ಣದಲ್ಲ: ಕೆರೆ ಕಟ್ಟಿಸಿದವನಿಗೆ ಅಷ್ಟು ಸಾಕೋ, ಮೈಮೇಲೆ ಧರಿಸುವ ಇಷ್ಟಲಿಂಗವೂ ಬೇಕೋ? ಶಿವಗಣಪ್ರಸಾದಿ ಮಹಾದೇವಯ್ಯನ ಮೊದಲ ಸಂಪಾದನೆಯಲ್ಲಿ ಸಿದ್ಧರಾಮನಿಗೆ ಲಿಂಗದೀಕ್ಷೆ ಇಲ್ಲ. ಮುಂದಿನವರು ಅದನ್ನು ಸೇರಿಸಿದರು. ಟೀಕೆ ಬರೆದು ಜಗಳವಾಡಲಿಲ್ಲ, ಕತೆಯನ್ನೇ ತಿದ್ದಿದರು! ನನ್ನ ಮಟ್ಟಿಗೆ ಕಾವ್ಯವೂ ಸಿದ್ಧಾಂತವೂ ಸೇರುವ ಜಾಗ ಇದೇ. ನನ್ನ ಪ್ರಬಂಧದ ಅರ್ಧ ಇಲ್ಲೇ ಹುಟ್ಟಿತು.

ಓಲೆಗರಿ ಓದೋದನ್ನು ಕೂತು ಕಲಿತೆ. ಗರಿಯಲ್ಲಿ ಪದಗಳ ನಡುವೆ ಜಾಗ ಬಿಟ್ಟಿರಲ್ಲ, ಎ-ಏ ವ್ಯತ್ಯಾಸವೂ ಎಷ್ಟೋ ಸಲ ಕಾಣಿಸಲ್ಲ. ಅಕ್ಷರ ಮಸುಕಾಗಿದ್ದರೆ ಕಾಡಿಗೆ ಸವರಿ ಒರೆಸಬೇಕು, ಆಗ ಗೀರಿನೊಳಗೆ ಕಪ್ಪು ನಿಂತು ಸಾಲು ಎದ್ದು ಬರುತ್ತದೆ. ಅದನ್ನೂ ಗೊತ್ತಿದ್ದವರ ಎದುರೇ ಮಾಡಬೇಕು, ಗರಿ ಸುಮ್ನೆ ಮುರಿದುಹೋಗುತ್ತದೆ. ಸಂಸ್ಕೃತ ತಡವಾಗಿ ಕಲಿತೆ, ಈಗಲೂ ನಿಘಂಟು ಪಕ್ಕದಲ್ಲೇ ಇರುತ್ತದೆ.

ಸಂಬಳದ ಮಾತು ಕೇಳಬೇಡಿ. ಅತಿಥಿ ಉಪನ್ಯಾಸಕರಿಗೆ ರಜೆಯಲ್ಲಿ ದುಡ್ಡಿಲ್ಲ, ಆ ರಜೆಯಲ್ಲೇ ಎಡೆಯೂರಿನ ಕಡೆ ಓಡಾಡಿ ಓದಿದ್ದು. ಒಡೆಯರ ಗುರುಪರಂಪರೆಯ ಹಿರಿಯರಾದ ತೋಂಟದ ಸಿದ್ಧಲಿಂಗರ 701 ವಚನಗಳನ್ನು ಅಲ್ಲಿ ಪಾಠವಾಗಿ ಕೇಳಿದ ಮೇಲೆ ಗೂಳೂರ ಒಡೆಯರ ಆಲೋಚನೆಯ ಮೂಲ ಸ್ವಲ್ಪ ಹತ್ತಿರವಾಯಿತು.

ಈಗ ವೀರಶೈವದ ಸಂಸ್ಕೃತ ಗ್ರಂಥ ಸಿದ್ಧಾಂತ ಶಿಖಾಮಣಿ ಹಿಡಿದಿದ್ದೇನೆ. ಅದರಲ್ಲಿ ಆ ಆರೇ ಒಡೆದು 101 ಸ್ಥಲ. ಕಾರ್ಡು ಜಾಸ್ತಿ ತರಬೇಕು.