ಬ್ಯಾಟ್ ಚೆಕ್-ಇನ್ ಲಗೇಜಿನಲ್ಲಿರಲಿ: ಅಮೆರಿಕದ ಕ್ಯಾಂಪಸ್‌ನಲ್ಲಿ ಕ್ಲಬ್ ತಂಡ ಸೇರುವುದು ಹೇಗೆ?

ನಮ್ಮಲ್ಲಿ ಕಾಲೇಜು ತಂಡಕ್ಕೆ ಆಡಿದವರಿಗೆಲ್ಲ ಒಂದು ಲೆಕ್ಕಾಚಾರ ಗೊತ್ತಿರುತ್ತದೆ: ಅಂತರ ಕಾಲೇಜು ಪಂದ್ಯ, ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆ, ಅದೃಷ್ಟವಿದ್ದರೆ ‘ಬ್ಲೂ’, ಜೊತೆಗೆ ಹಾಜರಾತಿಯಲ್ಲಿ ಒಂದಿಷ್ಟು ರಿಯಾಯಿತಿ. ಅದೇ ಲೆಕ್ಕ ಹಿಡಿದು ಎಂಎಸ್ ಓದಲು ಅಮೆರಿಕಕ್ಕೆ ಹೋದ ಹುಡುಗ, ಅಲ್ಲಿನ ದೈತ್ಯ ಫುಟ್‌ಬಾಲ್ ಕ್ರೀಡಾಂಗಣದ ಪಕ್ಕದ ಕಚೇರಿಗೆ ಹೋಗಿ ‘ಕ್ರಿಕೆಟ್ ತಂಡಕ್ಕೆ ಆಯ್ಕೆ ಯಾವಾಗ?’ ಎಂದು ಕೇಳಿದರೆ ಪೆಚ್ಚಾಗಿ ಹಿಂದಿರುಗಬೇಕಾಗುತ್ತದೆ. ಆತ ತಟ್ಟಿದ ಬಾಗಿಲೇ ಬೇರೆ.

ಆ ಕಚೇರಿ ವಾರ್ಸಿಟಿ ತಂಡಗಳದು, ಅಂದರೆ ವಿಶ್ವವಿದ್ಯಾಲಯವೇ ನಡೆಸುವ ಅಧಿಕೃತ ತಂಡಗಳದು. 1906ರಲ್ಲಿ ಹುಟ್ಟಿದ, ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಎಂಬ ಸಂಸ್ಥೆಯ ನಿಯಮಗಳಡಿ ಈ ತಂಡಗಳಲ್ಲಿ ಹೆಚ್ಚಿನವು ಆಡುತ್ತವೆ. ಪೂರ್ಣಾವಧಿ ಕೋಚ್‌ಗಳು ಆಟಗಾರರನ್ನು ಹೈಸ್ಕೂಲಿನಲ್ಲಿದ್ದಾಗಲೇ ಹುಡುಕಿಟ್ಟಿರುತ್ತಾರೆ. ಅದರ ಅತ್ಯುನ್ನತ ಹಂತವಾದ ಮೊದಲ ಡಿವಿಷನ್‌ನಲ್ಲಿ ಋತುವಿನ ಅವಧಿಯಲ್ಲಿ ಅಧಿಕೃತ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆಯ ಮಿತಿಯಿದೆ. ಮಿತಿಯೇ ಅಷ್ಟಿದ್ದರೆ ಓದಿಗೆ ಉಳಿಯುವುದೆಷ್ಟು ಎಂದು ನೀವೇ ಎಣಿಸಿ. ಇನ್ನೂ ಮುಖ್ಯವಾದ ಮಾತು: ಎನ್‌ಸಿಎಎ ಚಾಂಪಿಯನ್‌ಷಿಪ್‌ಗಳ ಪಟ್ಟಿಯಲ್ಲಿ ಕ್ರಿಕೆಟ್ ಇಲ್ಲ, ಬ್ಯಾಡ್ಮಿಂಟನ್ ಇಲ್ಲ, ಟೇಬಲ್ ಟೆನಿಸ್ ಇಲ್ಲ, ಕಬಡ್ಡಿಯಂತೂ ಇಲ್ಲವೇ ಇಲ್ಲ. ಹಾಗಾಗಿ ಕ್ಲಬ್ ತಂಡವೆಂದರೆ ವಾರ್ಸಿಟಿಯಲ್ಲಿ ಸೋತವರ ಪಾಲಿನ ಸಮಾಧಾನಕರ ಬಹುಮಾನ ಎಂಬ ಮಾತು ನಮ್ಮ ಆಟಗಳಿಗೆ ಅನ್ವಯಿಸುವುದಿಲ್ಲ. ಈ ಆಟಗಳಿಗೆ ಅಲ್ಲಿರುವ ಹೆದ್ದಾರಿಯೇ ಅದು.

ಹುಡುಕುವುದು ಎಲ್ಲಿ?

ಜಿಮ್, ಈಜುಕೊಳಗಳನ್ನು ನೋಡಿಕೊಳ್ಳುವ ರಿಕ್ರಿಯೇಷನ್ ವಿಭಾಗದಲ್ಲಿ. ಅದರ ಜಾಲತಾಣದಲ್ಲಿ ಎರಡು ಹೆಸರು ಕಾಣುತ್ತವೆ. ‘ಇಂಟ್ರಾಮ್ಯೂರಲ್’ ಎಂದರೆ ಕ್ಯಾಂಪಸ್ಸಿನೊಳಗೇ ಗೆಳೆಯರ ಗುಂಪು ಕಟ್ಟಿಕೊಂಡು ಆಡುವ ಪಂದ್ಯಾವಳಿ. ‘ಕ್ಲಬ್ ಸ್ಪೋರ್ಟ್ಸ್’ ಎಂದರೆ ಬೇರೆ ವಿಶ್ವವಿದ್ಯಾಲಯಗಳ ಎದುರು ಆಡುವ, ಆದರೆ ವಿದ್ಯಾರ್ಥಿಗಳೇ ನಡೆಸುವ ತಂಡ. ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರಗಳಲ್ಲಿ ವಿದ್ಯಾರ್ಥಿ ಸಂಘಗಳ ಮೇಳ ನಡೆಯುತ್ತದೆ. ನಮ್ಮ ಸಂತೆಯ ಹಾಗೆ ಮೇಜು ಹಾಕಿಕೊಂಡು ಕ್ಲಬ್ಬಿನವರು ಕರೆಯುತ್ತಾರೆ. ಅಂದೇ ಹೆಸರು ಬರೆಸಿ, ಏಕೆಂದರೆ ಆಯ್ಕೆ ಇರುವ ಕ್ಲಬ್ಬುಗಳು ಮರುವಾರವೇ ಅದನ್ನು ಮುಗಿಸಿಬಿಡುತ್ತವೆ. ಅಲ್ಟಿಮೇಟ್ ಫ್ರಿಸ್ಬಿಯಂತಹ ಆಟಗಳಲ್ಲಿ ಹೊಸಬರಿಗೂ ಜಾಗ ಸಿಗುವುದುಂಟು. ತಲಾ ಏಳು ಜನ ಆಡುವ, ಅಂಪೈರ್ ಇಲ್ಲದೆ ಆಟಗಾರರೇ ತೀರ್ಪು ಹೇಳಿಕೊಳ್ಳುವ ಆ ಆಟವನ್ನು ಒಮ್ಮೆ ಆಡಿ ನೋಡಿ. ಎಲ್‌ಬಿಡಬ್ಲ್ಯು ಜಗಳದಲ್ಲೇ ಬೆಳೆದ ನಮಗೆ ಅದು ವಿಚಿತ್ರವೆನಿಸುತ್ತದೆ.

ಸಹಿ ಹಾಕುವ ಮುನ್ನ

ಗಾಯವಾದರೆ ಹೊಣೆ ನನ್ನದೇ ಎಂಬ ಒಪ್ಪಿಗೆ ಪತ್ರ ಕೊಡುತ್ತಾರೆ. ಓದದೆ ಸಹಿ ಹಾಕುವುದು ನಮ್ಮ ಜಾಯಮಾನ, ಆದರೆ ಇಲ್ಲಿ ಬೇಡ. ನಿಮ್ಮ ಆರೋಗ್ಯ ವಿಮೆ ಸಂಘಟಿತ ಕ್ರೀಡೆಯಲ್ಲಾದ ಗಾಯಕ್ಕೆ ಹಣ ಕೊಡುತ್ತದೆಯೇ, ವಿನಾಯಿತಿಗಳ ಪುಟದಲ್ಲಿ ಏನಿದೆ ಎಂದು ಮೊದಲು ನೋಡಿ. ಆ ದೇಶದಲ್ಲಿ ಮುರಿದ ಕೈಯ ಬಿಲ್ಲು ಸೆಮಿಸ್ಟರ್ ಬಜೆಟ್ಟನ್ನೇ ಮುರಿಯಬಲ್ಲದು.

ಹಣದ ಮಾತು ಸಂಕೋಚವಿಲ್ಲದೆ ಕೇಳಿ. ಕ್ಲಬ್ಬಿಗೆ ವಿಶ್ವವಿದ್ಯಾಲಯ ಕೊಡುವುದು ಅಲ್ಪಸ್ವಲ್ಪ, ಉಳಿದದ್ದು ಸದಸ್ಯರ ಶುಲ್ಕ. ಸೆಮಿಸ್ಟರಿಗೆ ಎಷ್ಟು, ಅದರಲ್ಲಿ ಜೆರ್ಸಿ, ಪಂದ್ಯಾವಳಿಯ ಪ್ರವೇಶ ಧನ, ಪ್ರಯಾಣ, ಕೊಠಡಿ ಬಾಡಿಗೆ ಎಲ್ಲ ಸೇರಿದೆಯೇ? ಕಂತಿನಲ್ಲಿ ಕಟ್ಟಬಹುದೇ? ಮಧ್ಯದಲ್ಲಿ ಬಿಟ್ಟರೆ ಏನಾದರೂ ವಾಪಸ್ ಬರುತ್ತದೆಯೇ? ಐಸ್ ಹಾಕಿ, ರೋಯಿಂಗ್‌ನಂಥ ಆಟಗಳು ದುಬಾರಿ, ಟೇಬಲ್ ಟೆನಿಸ್ ಅಗ್ಗ. ಖರ್ಚಿಗೆ ಒಂದು ದಾರಿಯೂ ಇದೆ. ಇಂಟ್ರಾಮ್ಯೂರಲ್ ಪಂದ್ಯಗಳಿಗೆ ಅಂಪೈರ್ ಆಗುವುದು ಸಾಮಾನ್ಯವಾಗಿ ಕ್ಯಾಂಪಸ್ಸಿನೊಳಗಿನ ಕೆಲಸ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ತರಗತಿಗಳು ನಡೆಯುವ ಅವಧಿಯಲ್ಲಿ ಅಂಥ ಕೆಲಸವನ್ನು ವಾರಕ್ಕೆ 20 ಗಂಟೆಯವರೆಗೆ ಮಾಡಬಹುದು. ಹೊರಗಿನ ಅಕಾಡೆಮಿಯಲ್ಲಿ ಹಣಕ್ಕೆ ಕೋಚಿಂಗ್ ಕೊಡುವ ಆಸೆಗೆ ಮಾತ್ರ ಅನುಮತಿಯಿಲ್ಲದೆ ಬೀಳಬೇಡಿ, ವೀಸಾಕ್ಕೇ ಕುತ್ತು.

ತಂಡ ಸೇರಿ ಆರು ತಿಂಗಳಾದ ಮೇಲೆ ಪದಾಧಿಕಾರಿ ಚುನಾವಣೆಗೆ ನಿಲ್ಲಿ. ಎಲ್ಲರೂ ಅಧ್ಯಕ್ಷರಾಗಲು ಹೊರಡುತ್ತಾರೆ. ನನ್ನನ್ನು ಕೇಳಿದರೆ ಖಜಾಂಚಿಯೇ ಒಳ್ಳೆಯದು. ಬಜೆಟ್ ಮಂಡಿಸುವುದು, ಶುಲ್ಕ ಕೊಡದೆ ನುಣುಚಿಕೊಳ್ಳುವ ಗೆಳೆಯನಿಂದ ಮುನಿಸಿಲ್ಲದೆ ವಸೂಲು ಮಾಡುವುದು, ಮೈದಾನಕ್ಕಾಗಿ ಸಾಕರ್ ಕ್ಲಬ್ಬಿನೊಂದಿಗೆ ಚೌಕಾಸಿ ಮಾಡುವುದು ಯಾವ ತರಗತಿಯಲ್ಲೂ ಕಲಿಸುವ ವಿದ್ಯೆಯಲ್ಲ.

ಸಾಮಗ್ರಿ ವಿಷಯ: ಒಳ್ಳೆಯ ಬ್ಯಾಟನ್ನು ಇಲ್ಲಿಂದಲೇ ಒಯ್ಯಿರಿ. ಆದರೆ ಅಮೆರಿಕದ ವಿಮಾನ ಭದ್ರತಾ ನಿಯಮದಂತೆ ಅದನ್ನು ಕ್ಯಾಬಿನ್‌ಗೆ ಒಯ್ಯುವಂತಿಲ್ಲ. ಉತ್ತರದ ರಾಜ್ಯಗಳಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಹಿಮದಡಿಯ ಮೈದಾನ ಸಿಗುವುದಿಲ್ಲ. ಜಿಮ್ಮಿನ ಮರದ ನೆಲದ ಮೇಲೆ ಟೆನಿಸ್ ಚೆಂಡಿನಲ್ಲಿ ಆಡಬೇಕಾಗುತ್ತದೆ. ಗುರುತು ಬಿಡದ ಅಡಿಭಾಗದ ಶೂ ಜೊತೆಗಿರಲಿ.

ನಿಮ್ಮ ಆಟದ ಕ್ಲಬ್ಬೇ ಇಲ್ಲವೇ? ಹುಟ್ಟುಹಾಕಿ. ಸಾಮಾನ್ಯವಾಗಿ ಬೇಕಾಗುವುದು ನಿಯಮಾವಳಿಯ ಕರಡು, ನಿಗದಿತ ಸಂಖ್ಯೆಯ ಸದಸ್ಯರು, ಸಲಹೆಗಾರರಾಗಿ ಒಬ್ಬ ಪ್ರಾಧ್ಯಾಪಕ ಅಥವಾ ಸಿಬ್ಬಂದಿ. ಅವರಿಗೆ ಕ್ರಿಕೆಟ್ ಗೊತ್ತಿರಬೇಕಾಗಿಲ್ಲ, ಕೇಳಿದ ದಿನ ಸಹಿ ಹಾಕಿ ಕೊಟ್ಟರೆ ಸಾಕು.